ನಿಮ್ಮ ಮಗಳ ಕೈಯಲ್ಲಿ ಕಳುಹಿಸಿಕೊಡಿ

ಮಲ್ಲೇಶ್ವರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೈಬ್ರರಿ ಅಂತ ಇದ್ದದ್ದು ಮೆಟ್ಟಿಲ ಕೆಳಗಿನ ಒಂದು ಉದ್ದ ಕೋಣೆ. ಏಳು ಬೀರು, ಒಂದು ಮೇಜು, ಗೋಡೆಗೆ ಒತ್ತಿ ಹಾಕಿದ ಎರಡು ಬೆಂಚು. ಮೇಲೆ ಯಾರಾದರೂ ಓಡಿದರೆ ಸುಣ್ಣದ ಪುಡಿ ಪುಸ್ತಕಗಳ ಮೇಲೆ ಉದುರೋದು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಗೆ ಕನ್ನಡ ಪಾಠಕ್ಕೆ ಸೇರಿದಾಗ ಆ ಕೋಣೆಯ ಬೀಗದಕೈಯನ್ನೂ ನನ್ನ ಕೈಗೇ ಹಾಕಿದರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬೇಡ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಎಂಟು, ಒಂಬತ್ತನೇ ಕ್ಲಾಸಿನಿಂದ ಆರು ಹುಡುಗಿಯರನ್ನು ಆರಿಸಿಕೊಂಡೆ. ನಾಲ್ಕು ಗಂಟೆಯ ಬೆಲ್ ಹೊಡೆದ ಮೇಲೆ ಐದೂವರೆವರೆಗೆ ಅವರಿಗೆ ಕೆಲಸ ಕಲಿಸುತ್ತಿದ್ದೆ. ಮೊದಲ ಪಾಠ ಕೈ ತೊಳೆಯುವುದು. ಆಮೇಲೆ ಹೊಸ ಪುಸ್ತಕವನ್ನು ಬೆನ್ನು ಮುರಿಯದ ಹಾಗೆ ತೆರೆಯುವುದು: ಮುಂದಿನಿಂದ ನಾಲ್ಕು ಹಾಳೆ, ಹಿಂದಿನಿಂದ ನಾಲ್ಕು ಹಾಳೆ, ಹೀಗೆ ನಡುವಿಗೆ ಬರಬೇಕು. ನಗರ್ತಪೇಟೆಯಿಂದ ಕಟ್ಟುಗಟ್ಟಲೆ ತಂದ ಕಂದು ಕಾಗದದಲ್ಲಿ ಹೊದಿಕೆ ಹಾಕುವುದು. ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಸೇರಿಸುವುದು, ಇಲ್ಲದಿದ್ದರೆ ಜಿರಲೆ ಲೇಬಲ್ಲು ತಿಂದುಹಾಕುತ್ತಿತ್ತು. ಒಂದು ಸಲ ಒಬ್ಬಳು ಮೈಲುತುತ್ತ ಜಾಸ್ತಿ ಸುರಿದು, ಒಂದು ಬೀರುವಿನ ಲೇಬಲ್ಲುಗಳೆಲ್ಲ ನವಿಲು ಬಣ್ಣಕ್ಕೆ ತಿರುಗಿದವು. ಅವು ಕೊನೆಯವರೆಗೂ ಹಾಗೇ ಇದ್ದವು.

ಕೊನೆಯ ಪಾಠ ಟ್ರೇ. ಪ್ರತಿ ಹುಡುಗಿಗೂ ನಂಬರ್ ಬರೆದ ಒಂದು ರಟ್ಟಿನ ಚೀಟಿ ಇರುತ್ತಿತ್ತು. ಅವಳು ಪುಸ್ತಕ ತೆಗೆದುಕೊಂಡರೆ ಆ ಚೀಟಿಯನ್ನು ಮರದ ಟ್ರೇಯಲ್ಲಿ, ವಾಪಸು ಕೊಡಬೇಕಾದ ತಾರೀಖಿನ ಹಿಂದೆ ಇಡಬೇಕು. ಪುಸ್ತಕ ಬಂದರೆ ಚೀಟಿ ವಾಪಸು. ಚೀಟಿಯ ಮೇಲೆ ಹೆಸರಿಲ್ಲ. ಅದು ನಾನು ತಂದ ನಿಯಮ. ನನಗಿಂತ ಮುಂಚೆ ಹೆಸರು ಇತ್ತಂತೆ. ಮೇಜಿನ ಹಿಂದೆ ಕೂತ ಹುಡುಗಿಯರು ಹೆಸರು ನೋಡಿ, ತಂದೆಯ ಹೆಸರು ನೋಡಿ, ಗೆಳತಿಯರಿಗೆ ಹೊಸ ಪುಸ್ತಕ ಎತ್ತಿಡುತ್ತಿದ್ದರು. ಗಿರಣಿ ಕೆಲಸದವರಿದ್ದ ಶ್ರೀರಾಂಪುರದ ಕಡೆಯ ಹುಡುಗಿ ಬಂದರೆ ಎದುರಿಗೇ ಇರುವ ಪುಸ್ತಕವನ್ನು "ಅದು ಇಲ್ಲ ಕಣೇ" ಅಂದುಬಿಡುತ್ತಿದ್ದರು. ಅದಕ್ಕೇ ನಾನು ಆರು ಜನಕ್ಕೂ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದೆ: "ಯಾರು ಏನು ಅಂತ ನೋಡಬಾರದು. ನಂಬರ್ ನೋಡಿ, ತಾರೀಖು ನೋಡಿ, ಅಷ್ಟೇ."

ಈ ನಿಯಮವನ್ನು ಅಕ್ಷರಶಃ ಪಾಲಿಸುತ್ತಿದ್ದವಳು ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ಅವಳೂ ಶ್ರೀರಾಂಪುರದಿಂದ ನಡೆದು ಬರುತ್ತಿದ್ದವಳೇ. ಅಪ್ಪ ಬಟ್ಟೆ ಗಿರಣಿಯಲ್ಲಿ. ಒಂದೇ ಕೋಣೆಯ ಮನೆಯಲ್ಲಿ ಎಂಟು ಜನ, ಅಮ್ಮ ಅಲ್ಲೇ ಕೂತು ಅಗರಬತ್ತಿ ಹೊಸೆಯುತ್ತಿದ್ದರು. ಅವಳು ಕೂತು ಓದೋದಕ್ಕೆ ಇದ್ದ ಜಾಗವೆಂದರೆ ನಮ್ಮ ಬೆಂಚು ಒಂದೇ. ನಾಲ್ಕಕ್ಕೆ ಬೆಲ್ ಆದರೆ ನಾಲ್ಕೂ ಎರಡಕ್ಕೆ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ಬರ್ಲಾ ಮಿಸ್" ಅನ್ನೋಳು. ಕೆಲಸ ಮುಗಿಸಿ ಉಳಿದ ಹೊತ್ತೆಲ್ಲ ಓದು. "ಮನೇಲಿ ಬೈಯಲ್ವೇನೇ?" ಅಂತ ಕೇಳಿದ್ದಕ್ಕೆ, "ಲೈಬ್ರರಿ ಡ್ಯೂಟಿ ಅಂದ್ರೆ ಬಿಡ್ತಾರೆ ಮಿಸ್. ಡ್ಯೂಟಿ ಅಂದ್ರೆ ನಮ್ಮಪ್ಪಂಗೆ ಮರ್ಯಾದೆ" ಅಂದು ನಕ್ಕಿದ್ದಳು.

ಆ ವರ್ಷ ದಸರಾ ರಜದಲ್ಲಿ ಒಂಬತ್ತನೇ ಕ್ಲಾಸಿನ ಒಂದು ಮಗು ಕಾಮಾಲೆಯಾಗಿ ತೀರಿಕೊಂಡಿತು. ಶಾಲೆ ತೆರೆದ ದಿನ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ ನಿಂತೆವು. ಕ್ಲಾಸ್ ಟೀಚರ್ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದರು. ಲೈಬ್ರರಿಯ ಟ್ರೇ ಯಾರಿಗೂ ನೆನಪಾಗಲಿಲ್ಲ. ನೆನಪಿಡಬೇಕಾದವಳು ನಾನೊಬ್ಬಳೇ, ನನಗೂ ಆಗಲಿಲ್ಲ.

ಎರಡು ವಾರ ಕಳೆದ ಮೇಲೆ ಮಕ್ಕಳಿಗೆ ಹೊಸ ಕೆಲಸ ಹೇಳಿಕೊಟ್ಟೆ. ತಾರೀಖು ಮೀರಿದ ಚೀಟಿಗಳನ್ನು ಟ್ರೇಯಿಂದ ತೆಗೆದು, ಆ ನಂಬರಿಗೆ ಲೈಬ್ರರಿಯ ವಿಳಾಸದ ಪುಸ್ತಕದಲ್ಲಿ ತಂದೆಯ ಹೆಸರು, ಮನೆ ನಂಬರ್ ನೋಡಿ, ಒಂದೊಂದು ಪೋಸ್ಟ್ ಕಾರ್ಡ್ ಬರೆಯಬೇಕು. ಹುಡುಗಿಯ ಹೆಸರು ಅದರಲ್ಲೂ ಇರಲಿಲ್ಲ. ಒಕ್ಕಣೆ ನನ್ನದು. ಬೋರ್ಡಿನ ಮೇಲೆ ನಾನೇ ಬರೆದೆ: "ನಮ್ಮ ಶಾಲೆಯ ಪುಸ್ತಕವೊಂದು ತಮ್ಮ ಮನೆಯಲ್ಲಿ ಉಳಿದಿರುತ್ತದೆ. ದಯವಿಟ್ಟು ಒಂದು ವಾರದೊಳಗೆ ನಿಮ್ಮ ಮಗಳ ಕೈಯಲ್ಲಿ ಕಳುಹಿಸಿಕೊಡಿ." ಅಕ್ಷರ ಚೆನ್ನಾಗಿದೆ ಅಂತ ಬರೆಯುವ ಕೆಲಸ ಶ್ರೀರಾಂಪುರದವಳಿಗೆ ಕೊಟ್ಟೆ. ಬರೆದದ್ದನ್ನು ನಾನು ಒಂದೊಂದಾಗಿ ನೋಡಿ, ಆಮೇಲೆ ಲೈಬ್ರರಿ ಸೀಲು ಒತ್ತಬೇಕಿತ್ತು. ಅವತ್ತು ಶೇಷಾದ್ರಿಪುರದ ನಮ್ಮ ಮನೆ ಹತ್ತಿರದ ಡಿಪೋಗೆ ಸೀಮೆಎಣ್ಣೆ ಬಂದಿತ್ತು. ಅಮ್ಮನಿಗೆ ಮಂಡಿನೋವು, ಕ್ಯೂನಲ್ಲಿ ನಿಲ್ಲೋಕೆ ನಾನೇ ಹೋಗಬೇಕು. ಚೀಲ ಹೆಗಲಿಗೆ ಹಾಕಿಕೊಂಡು, "ನೀನೇ ಸೀಲು ಒತ್ತಿ ಡಬ್ಬಕ್ಕೆ ಹಾಕಿಬಿಡು ಪುಟ್ಟಾ" ಅಂದೆ.

"ನೀವು ನೋಡೋದು ಬೇಡ್ವಾ ಮಿಸ್?"

"ನೀನು ಬರೆದ ಮೇಲೆ ನೋಡೋದೇನಿದೆ?"

ಹಿಗ್ಗಿ ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೆಡ್ ಮಿಸ್ಟ್ರೆಸ್ ಕರೆದಿದ್ದಾರೆಂದು ಆಯಾ ಬಂದಳು. ಹೋದೆ. ಅವರೆದುರು ಒಬ್ಬರು ಕೂತಿದ್ದರು. ಕೂತಿದ್ದರು ಅಂದರೆ ಕುರ್ಚಿಯ ತುದಿಯಲ್ಲಿ. ತೊಡೆಯ ಮೇಲೆ ನ್ಯೂಸ್ ಪೇಪರಿನಲ್ಲಿ ಸುತ್ತಿದ ಪುಸ್ತಕ, ಅದರ ಮೇಲೆ ಪೋಸ್ಟ್ ಕಾರ್ಡು. ತೀರಿಕೊಂಡ ಮಗುವಿನ ತಂದೆ ಎಂದು ಹೆಡ್ ಮಿಸ್ಟ್ರೆಸ್ ಹೇಳುವ ಮೊದಲೇ ನನಗೆ ತಿಳಿಯಿತು.

ಅವರು ಸಿಟ್ಟು ಮಾಡಲಿಲ್ಲ. "ಪುಸ್ತಕ ಕೊಡೋಕೆ ನಾನೇ ಬಂದೆ. ಕಾರ್ಡು ನಾನಿಲ್ಲದಾಗ ಬಂತು, ನಮ್ಮ ಮನೆಯವಳ ಕೈಗೆ ಕೊಟ್ಟು ಹೋಗಿದಾನೆ ಪೋಸ್ಟ್‌ಮನ್ನು. ಅವಳು ಓದಿ, ಪುಸ್ತಕ ಹುಡುಕಿ, ಸ್ಕೂಲ್ ಬ್ಯಾಗಿಗೆ ಹಾಕಿ ಬಾಗಿಲ ಹತ್ತಿರ ಇಟ್ಟಿದಾಳೆ. 'ನಾಳೆ ಮರೀದೆ ತಗೊಂಡೋಗು' ಅಂತ ಒಳಗಡೆಗೆ ಕೂಗ್ತಾಳೆ. ಎರಡು ದಿನ ಆಯ್ತು. ಬ್ಯಾಗು ಅಲ್ಲಿಂದ ತೆಗೀಬೇಕಲ್ಲ, ಅದಕ್ಕೆ ತಗೊಂಡ್ಬಂದೆ" ಅಂದರು.

ಹೆಡ್ ಮಿಸ್ಟ್ರೆಸ್ ಕಾರ್ಡನ್ನು ನನ್ನ ಕಡೆ ತಿರುಗಿಸಿದರು. "ಯಾರ್ರೀ ಬರೆದದ್ದು ಇದು?"

ದುಂಡು ಅಕ್ಷರ. ಯಾರದೆಂದು ನನಗೆ ಗೊತ್ತು. ಹೇಳಬೇಕಾದ ಮಾತೂ ಗೊತ್ತು. ಬಾಯಿಂದ ಬಂದದ್ದು, "ಲೈಬ್ರರಿ ಮಕ್ಕಳಲ್ಲಿ ಯಾರೋ ಇರಬೇಕು ಮೇಡಂ, ವಿಚಾರಿಸ್ತೀನಿ."

"ವಿಚಾರಿಸೋದೇನು, ಕರೀರಿ."

ಆರೂ ಜನ ಸಾಲಾಗಿ ಬಂದು ನಿಂತರು. ಕಾರ್ಡು ತೋರಿಸಿದ ತಕ್ಷಣ ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನೇ ಬರೆದಿದ್ದು ಮೇಡಂ."

"ಹೋದ ಮಗುವಿನ ಮನೆಗೆ ಇಂಥಾ ಕಾಗದ ಬರೀತಾರೇನೇ? ತಲೇಲಿ ಏನಿಟ್ಕೊಂಡಿದೀಯ? ಯಾರು ಏನು ಅಂತ ನೋಡಿ ಬರಿ ಅಂತ ನಿಮ್ಮ ಮಿಸ್ ಹೇಳಿರಲಿಲ್ವಾ?"

ಅವಳು ನನ್ನನ್ನು ನೋಡಿದಳು. ಒಂದೇ ಸಲ. ನಾನು ಮೇಜಿನ ಮೇಲಿನ ಇಂಕಿನ ದವಾತಿಯನ್ನು ನೋಡುತ್ತಿದ್ದೆ. ಜೂನ್ ತಿಂಗಳಲ್ಲಿ ನನ್ನ ಕೆಲಸ ಖಾಯಂ ಮಾಡುವ ಕಾಗದ ಆ ಮೇಜಿನಿಂದಲೇ ಹೋಗಬೇಕಿತ್ತು.

"ತಪ್ಪಾಯ್ತು ಮೇಡಂ" ಅಂದಳು.

"ಬೈಬೇಡಿ ಮಗೂನ" ಎಂದರು ಆ ತಂದೆ. "ಅಕ್ಷರ ಮುದ್ದಾಗಿದೆ."

ಅವರು ಹೋದ ಮೇಲೆ ತೀರ್ಪು ಒಂದೇ ಮಾತಿನಲ್ಲಿ ಮುಗಿಯಿತು: ಇವತ್ತಿಂದ ಈ ಹುಡುಗಿ ಲೈಬ್ರರಿ ಕಡೆ ಹೋಗಕೂಡದು. ನಾನು "ಸರಿ ಮೇಡಂ" ಅಂದೆ. ಆ ಎರಡು ಪದ ಮಾತ್ರ ಸಲೀಸಾಗಿ ಬಂದವು.

ಆ ಸಂಜೆ ಟ್ರೇಯಿಂದ ಸತ್ತ ಮಗುವಿನ ಚೀಟಿ ತೆಗೆದೆ. ಹರಿದುಹಾಕಲು ಕೈ ಬರಲಿಲ್ಲ, ಡ್ರಾಯರಿಗೆ ಹಾಕಿದೆ. ಆಮೇಲೆ ಆ ಡ್ರಾಯರನ್ನೇ ತೆಗೆಯಲಾರದೆ ಸೀಮೆಸುಣ್ಣ, ಗುಂಡುಸೂಜಿ ಎಲ್ಲ ಬೇರೆ ಕಡೆ ಇಡುವಂತಾಯಿತು. ನಾಲ್ಕೂ ಎರಡಕ್ಕೆ ಬಾಗಿಲಲ್ಲಿ ಯಾರೋ ನಿಂತ ಹಾಗಾಗೋದು. ತಲೆ ಎತ್ತಿದರೆ ಯಾರೂ ಇಲ್ಲ. ಗಂಟಲು ಸರಿಮಾಡಿಕೊಂಡ ಸದ್ದು ಮಾತ್ರ ಕೇಳಿದ ಹಾಗೆ. ಬಂದವರು ಅವಳೋ ಆ ಇನ್ನೊಂದು ಮಗುವೋ ಎಂದು ತಿಳಿಯದೆ ಹೆದರುತ್ತಿದ್ದೆ. ಆ ಮಗುವಿನ ಮುಖ ನನಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಪುಸ್ತಕ ಕೊಟ್ಟವಳು ನಾನೇ ಇದ್ದಿರಬಹುದು. ವರಾಂಡದಲ್ಲಿ ಹಾಕಿದ್ದ ಗ್ರೂಪ್ ಫೋಟೋದಲ್ಲಿ ಹುಡುಕಿದೆ. ಎರಡು ಜಡೆಯ, ಹೆಬ್ಬೆರಳಿನಷ್ಟಗಲದ ಮುಖಗಳು. ಇದರಲ್ಲಿ ಆ ಮಗು ಯಾವುದು ಅಂತ ಕೇಳೋಣವೆಂದರೆ ಯಾರನ್ನು ಕೇಳುವುದು. ಆ ಮನೆಯಿದ್ದ ಕ್ರಾಸಿಗೆ ಎರಡು ಸಲ ಹೊರಟು, ಮೂಲೆಯ ಹಿಟ್ಟಿನ ಗಿರಣಿಯವರೆಗೆ ಹೋಗಿ ವಾಪಸು ಬಂದೆ. ಬಾಗಿಲಲ್ಲಿ ಬ್ಯಾಗು ಕಂಡುಬಿಟ್ಟರೆ? ಈಗಲೂ ನಾನು ಆ ಕ್ರಾಸಿನಲ್ಲಿ ನಡೆಯುವುದಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತೇನೆ.

ಉಳಿದ ಐದು ಹುಡುಗಿಯರಿಗೂ ಭಯ ಹಿಡಿದಿತ್ತು. ಟ್ರೇಯ ಹಿಂದಿನ ಭಾಗಕ್ಕೆ ಕೈ ಹಾಕುತ್ತಿರಲಿಲ್ಲ. "ನೀನೇ ತೆಗಿಯೇ." "ಹೋಗೇ, ನನ್ನ ಕೈ ಹಿಡ್ಕೊಂಡ್ರೆ?" ಪುಸ್ತಕ ಕೇಳಲು ಬಂದ ಹುಡುಗಿಯರಿಗೆ ಅದೇ ತಮಾಷೆ. ವರಾಂಡದಲ್ಲಿ ಶ್ರೀರಾಂಪುರದವಳು ಕಂಡರೆ ಸಾಕು, "ದೆವ್ವಕ್ಕೆ ಕಾಗದ ಬರೆದೋಳು ಬಂದ್ಲು ದಾರಿ ಬಿಡ್ರೇ" ಅಂತ ಶುರು. "ನಮ್ಮಜ್ಜಿ ಸತ್ತು ಮೂರು ವರ್ಷ ಆಯ್ತು, ಕಿವಿ ಓಲೆ ಎಲ್ಲಿಟ್ಟಿದಾಳೋ ಗೊತ್ತಿಲ್ಲ, ಒಂದು ಕಾರ್ಡ್ ಹಾಕೇ" ಅಂತ ಇನ್ನೊಬ್ಬಳು. ಅವಳು ತಲೆ ತಗ್ಗಿಸಿ ನಡೆದುಬಿಡುತ್ತಿದ್ದಳು. ಗದರಿಸಬೇಕಾದ ನಾನು ಸ್ಟಾಫ್ ರೂಮಿನ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ಒಂದು ದಿನ ಅವಳ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ನೋಟ್ ಬುಕ್ ತೋರಿಸಲು ಬಂದಾಗ ಬೆರಳ ಸಂದಿಯಲ್ಲೆಲ್ಲ ಕಪ್ಪು. ತೊಳೆದರೂ ಹೋಗದ ಕಪ್ಪು. ಹೋಂವರ್ಕು ಅರ್ಧಕ್ಕೆ ನಿಂತಿತ್ತು. "ಏನೇ ಇದು?" ಅಂದೆ.

"ಅಗರಬತ್ತಿ ಮಿಸ್. ನಾಲ್ಕಕ್ಕೇ ಮನೆಗೆ ಹೋಗ್ತೀನಲ್ಲ, ಅಮ್ಮನ ಜೊತೆ ಕೂರ್ತೀನಿ. ಮುಂದಿನ ವರ್ಷ ಸ್ಕೂಲೂ ಬೇಡ ಅಂತಿದಾರೆ. ಡ್ಯೂಟಿಯಿಂದ ತೆಗೆದುಹಾಕಿದ್ರು ಅಂದ್ರೆ ಓದಿನಲ್ಲೂ ದಡ್ಡಿ ಅಂತ ನಮ್ಮಪ್ಪನ ಲೆಕ್ಕ."

ದೂರು ಹೇಳುವ ದನಿಯಲ್ಲ. ಕೇಳಿದ್ದಕ್ಕೆ ಹೇಳಿದಳು.

ಆ ಪೀರಿಯಡ್ ಮುಗಿದ ತಕ್ಷಣ, ಇನ್ನೊಂದು ಸಲ ಯೋಚಿಸಿದರೆ ಹೋಗಲಾರೆ ಅಂತ ಗೊತ್ತಿದ್ದರಿಂದ, ಸೀದಾ ಹೆಡ್ ಮಿಸ್ಟ್ರೆಸ್ ಕೋಣೆಗೆ ಹೋದೆ. ಹೆಸರು ನೋಡಬೇಡ ಅಂತ ಕಲಿಸಿದ್ದು ನಾನು, ಚೀಟಿ ತೆಗೆಯದೆ ಬಿಟ್ಟದ್ದು ನಾನು, ಒಕ್ಕಣೆ ನನ್ನದು, ನೋಡದೆ ಸೀಲು ಒತ್ತಿಸಿದ್ದೂ ನಾನು ಅಂತ ನಿಂತುಕೊಂಡೇ ಹೇಳಿದೆ. ಅವರು ಟೈಂಟೇಬಲ್ಲಿಗೆ ಸ್ಕೇಲಿಟ್ಟು ಗೆರೆ ಹಾಕುತ್ತಿದ್ದರು. ಕನ್ನಡಕದ ಮೇಲಿಂದ ನೋಡಿದರು.

"ಅವತ್ತೇ ಹೇಳಿದ್ರೆ ನಿಮಗೆ ಎರಡು ಮಾತು ಅಂದು ಅಲ್ಲಿಗೇ ಮುಗಿಸ್ತಿದ್ದೆನಲ್ರೀ. ಕರ್ಕೊಳ್ಳಿ ಅವಳನ್ನ." ಮತ್ತೆ ಗೆರೆ ಹಾಕತೊಡಗಿದರು.

ಅಷ್ಟೇ. ಇಷ್ಟಕ್ಕೆ ನಾನು ಮೂರು ತಿಂಗಳು ಕಾದಿದ್ದೆ.

ನಾಲ್ಕಕ್ಕೆ ಅವಳನ್ನು ಗೇಟಿನ ಹತ್ತಿರ ಹಿಡಿದೆ. "ಮೇಡಂಗೆ ಎಲ್ಲಾ ಹೇಳಿದೀನಿ ಪುಟ್ಟಾ. ತಪ್ಪು ನಂದು. ನಿಂದಲ್ಲ."

"ಗೊತ್ತು ಮಿಸ್."

"ಗೊತ್ತಿದ್ರೆ ಅವತ್ತು ಯಾಕೆ ಹೇಳಲಿಲ್ಲ?"

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗದ ಹಾಗೆ ಹುಬ್ಬು ಕೂಡಿಸಿದಳು. "ನೀವು ಅಲ್ಲೇ ಇದ್ರಲ್ಲ ಮಿಸ್."

ಆ ಭಾನುವಾರ ನಾನೇ ಶ್ರೀರಾಂಪುರಕ್ಕೆ ಹೋಗಿ ಅವಳ ತಂದೆಯ ಮುಂದೆ ಕೂತು ಅದೇ ಮಾತು ಇನ್ನೊಂದು ಸಲ ಹೇಳಿದೆ. ಅಮ್ಮ ಕರಿ ಹಿಟ್ಟಿನ ಹಲಗೆ ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿಕೊಟ್ಟರು. "ಮೇಷ್ಟ್ರಮ್ಮನೇ ಮನೇವರೆಗೆ ಬಂದ್ರಲ್ಲ, ಕಳಿಸ್ತೀನಿ ಬಿಡಿ, ಹತ್ತನೇ ಕ್ಲಾಸ್ ಮುಗಿಸ್ಲಿ" ಅಂದರು ತಂದೆ. ನನಗೆ ಕಾಫಿ ತರಲು ಲೋಟ ಹಿಡಿದು ಓಡಿದವಳು ಅವಳೇ.

ಸೋಮವಾರ ನಾಲ್ಕು ಗಂಟೆಗೆ ಬಂದಳು. ಬೆಂಚಿನಲ್ಲಿ ಕೂತು ಓದಿದಳು. ಮರುದಿನವೂ ಬಂದಳು. ಸೀಲನ್ನು ಅವಳ ಕಡೆ ಚಾಚಿ, "ಬಾ, ನಿನ್ನ ಜಾಗ ಖಾಲಿ ಇದೆ" ಅಂದೆ. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡು, "ಇಲ್ಲೇ ಇರ್ತೀನಿ ಮಿಸ್" ಅಂದಳು. ಒರಟಾಗಿ ಅಲ್ಲ, ತುಂಬಾ ಮರ್ಯಾದೆಯಿಂದ. ಆಮೇಲೂ ಎಷ್ಟೋ ಸಲ ಕರೆದೆ. ಹತ್ತನೇ ಕ್ಲಾಸು ಮುಗಿಯುವವರೆಗೂ ಅವಳು ಮೇಜಿನ ಆಚೆ ನಿಂತೇ ಪುಸ್ತಕದ ಹೆಸರು ಹೇಳುತ್ತಿದ್ದಳು. ಬೇರೆ ಮಕ್ಕಳನ್ನು ಕಳಿಸದೆ, ಪ್ರತಿ ಸಲವೂ ನಾನೇ ಎದ್ದು ಹೋಗಿ ತಂದುಕೊಡುತ್ತಿದ್ದೆ.