ಗುಂಡಿಗೆಯ ಮೊದಲ ಪಾಲು

ಮನುಷ್ಯನ ಗುಂಡಿಗೆಯೊಳಗೆ ನಾಲ್ಕು ಕೋಣೆಗಳಿವೆ ಎಂಬುದು ನನಗೆ ಗೊತ್ತಾದದ್ದು ನಿಜಾಮರ ಕಾಲದಲ್ಲಿ, ಕಲಬುರ್ಗಿಯ ಒಂದು ದವಾಖಾನೆಯಲ್ಲಿ. ನನ್ನ ಓದು ಹೆಚ್ಚಿನದಲ್ಲ. ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ ಅಕ್ಷರವಷ್ಟೇ. ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. ಈಗ ಮೊಮ್ಮಕ್ಕಳ ಪುಸ್ತಕದಲ್ಲೂ ಆ ನಾಲ್ಕು ಕೋಣೆಗಳ ಚಿತ್ರ ಇದೆ. ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಾನು ಮರೆಯದೆ ಇದ್ದದ್ದು ಜಾಣತನದಿಂದಲ್ಲ, ನನ್ನ ನೆಗೆಣ್ಣಿಯಿಂದ.

ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಕಮಲಾಪುರದ ನಮ್ಮ ಮನೆಗೆ ಅವಳು ಬಂದಾಗ ನಾನು ಎರಡು ಮಕ್ಕಳ ತಾಯಿ. ಮಾವನಿಗೆ ಬಾಳೆಯ ತೋಟ ಇತ್ತು, ಆಳುಮಕ್ಕಳಿದ್ದರು, ಬಂದುಹೋಗುವವರು ಯಾವಾಗಲೂ ಇದ್ದರು. ಅಷ್ಟೂ ಹೊಟ್ಟೆಗೆ ಬೇಕಾದ ಜೋಳವನ್ನು ಸೊಸೆಯರಿಬ್ಬರು ಎದುರುಬದರು ಕುಳಿತು ಬೀಸಬೇಕು. ಕಲ್ಲಿನ ಗೂಟವನ್ನು ಇಬ್ಬರೂ ಹಿಡಿದಿದ್ದರೂ ಯಾರು ಎಳೆಯುತ್ತಿದ್ದಾರೆ, ಯಾರು ಬರೀ ಹಿಡಿದಿದ್ದಾರೆ ಎಂಬುದು ಎದುರಿಗಿದ್ದವಳ ರಟ್ಟೆಗೆ ತಿಳಿಯುತ್ತದೆ. ನೆಗೆಣ್ಣಿ ಸ್ವಲ್ಪ ಹೊತ್ತು ಎಳೆಯುತ್ತಿದ್ದಳು. ಆಮೇಲೆ ಅವಳ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗುತ್ತಿತ್ತು, ಉಸಿರು ಬಾಯಿಂದ ಬರುತ್ತಿತ್ತು. ಮಲಗುವಾಗ ಚಾಪೆಯ ಮೇಲೆ ಮೈ ಚಾಚುತ್ತಿರಲಿಲ್ಲ. ಜೋಳದ ಚೀಲಕ್ಕೆ ಒರಗಿ, ಕುಳಿತೇ ನಿದ್ದೆ ಮಾಡುತ್ತಿದ್ದಳು.

ಅತ್ತೆ ಇದನ್ನೆಲ್ಲ ಮೈಗಳ್ಳತನ ಅಂದಳು. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ, ಅದರಲ್ಲಿ ಮುಚ್ಚಿಡುವುದೇನಿದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಅತ್ತೆ ಬಾಯಿಬಿಟ್ಟು ಹೇಳತೊಡಗಿದಳು: ಇವಳನ್ನು ತವರಿಗೆ ಕಳಿಸಿ ತನ್ನ ಅಣ್ಣನ ಮಗಳನ್ನು ತಂದುಕೊಳ್ಳುವುದು. ನೆಗೆಣ್ಣಿಗೆ ತಾಯಿ ತಂದೆ ಇರಲಿಲ್ಲ. ತವರಲ್ಲಿ ಇದ್ದವರು ಅಣ್ಣ ಮತ್ತು ಅತ್ತಿಗೆ. ಅಲ್ಲೂ ಒಂದು ಬೀಸುವ ಕಲ್ಲಿತ್ತು, ಅದರ ಮುಂದೆ ಕುಳಿತು ತಾನು ಒಂದು ಮಳೆಗಾಲ ದಾಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನನ್ನ ಹತ್ತಿರ ಒಮ್ಮೆ ಅಷ್ಟೇ ಹೇಳಿದಳು. ಅಳಲಿಲ್ಲ. ಅಳುವುದಕ್ಕೂ ಉಸಿರು ಬೇಕಲ್ಲ.

ಡಾಕ್ಟರಿಗೆ ತೋರಿಸದೆ ಕಳಿಸಿದರೆ ನಾಳೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂದು ಮಾವ ಕಲಬುರ್ಗಿಗೆ ಬಂಡಿ ಕಟ್ಟಿಸಿದ. ರೋಗ ಇಲ್ಲ ಎಂದು ತನ್ನ ಕಿವಿಯಿಂದಲೇ ಕೇಳಬೇಕೆಂದು ಅತ್ತೆ ಹೊರಟಳು. ನಾನು ಹೋದದ್ದು ಮಾತಿಗೆ. ನಮ್ಮ ಗೋಡೆಗೆ ಹೊಂದಿಕೊಂಡಂತೆ ಬಳೆ ಮಾರುವವರ ಮನೆ ಇತ್ತು, ಆ ಹೆಂಗಸರ ಜೊತೆ ಕೂತು ನಿಂತು ನನಗೆ ಉರ್ದು ಬರುತ್ತಿತ್ತು. ಹೆಂಗಸರನ್ನು ನೋಡುವ ಡಾಕ್ಟರ್ ಬಾಯಿ ಹೈದರಾಬಾದಿನವಳು, ಕನ್ನಡ ಬಾರದವಳು.

ಬಾಯಿ ಮೊದಲು ನೆಗೆಣ್ಣಿಯ ಉಗುರು ನೋಡಿದಳು, ಕಾಲಿನ ಮೇಲೆ ಬೆರಳು ಒತ್ತಿ ನೋಡಿದಳು. ಸಣ್ಣವಳಿದ್ದಾಗ ಕೀಲುಕೀಲು ಬಾತು ಜ್ವರ ಬಂದಿತ್ತೆ ಎಂದು ಕೇಳಿದಳು. ಬಂದಿತ್ತಂತೆ. ಒಂದು ಚಳಿಗಾಲವೆಲ್ಲ ಎದ್ದು ನಡೆಯಲಾಗಿರಲಿಲ್ಲವಂತೆ. ಲಗ್ನದ ಮಾತಾಡುವಾಗ ಅದನ್ನು ಯಾರು ಹೇಳುತ್ತಾರೆ. ಅತ್ತೆ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ಆಮೇಲೆ ಎದೆಬಡಿತ ಕೇಳುವ ನಳಿಗೆಯನ್ನು ಎದೆಯ ಮೇಲೆ ಇಡಬೇಕಾಯಿತು. ಅಲ್ಲಿ ಲಿಂಗದ ಕರಡಿಗೆ ಇತ್ತು, ತವರಿನವರು ಹಾಕಿದ ದಪ್ಪ ಬೆಳ್ಳಿಯದು. ತೆಗೆದಿಡು ಎಂದಳು ಬಾಯಿ. ಅತ್ತೆ ಅಡ್ಡ ಬಂದಳು. ಸಾಯುವ ತನಕ ಮೈಯಿಂದ ಬಿಚ್ಚುವಂಥದ್ದಲ್ಲ, ಬೇಕಾದರೆ ನೋಡು, ಇಲ್ಲವಾದರೆ ಬಂಡಿ ಹೂಡಿಸುತ್ತೇನೆ ಎಂದಳು. ಇಬ್ಬರೂ ಪಟ್ಟು ಬಿಡುವವರಲ್ಲ. ನಡುವೆ ಕುಳಿತಿದ್ದ ನೆಗೆಣ್ಣಿ ದಾರ ಕೊರಳಲ್ಲಿ ಇದ್ದಂತೆಯೇ ಕರಡಿಗೆಯನ್ನು ಎತ್ತಿ, ಪೂಜೆಗೆ ಹಿಡಿಯುವ ಹಾಗೆ ಎಡಗೈಯಲ್ಲಿ ಹಿಡಿದುಕೊಂಡಳು. ಎದೆ ತೆರವಾಯಿತು.

ಬಾಯಿ ಬಹಳ ಹೊತ್ತು ಕೇಳಿದಳು. ಕೇಳಿ, ಗೋಡೆಗೆ ತೂಗುಹಾಕಿದ್ದ ಗುಂಡಿಗೆಯ ಚಿತ್ರದ ಹತ್ತಿರ ಹೋದಳು. ಅವಳು ಹೇಳಿದ್ದನ್ನು ನಾನು ಅತ್ತೆಗೆ ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ, ಅದಕ್ಕೇ ನನಗೆ ಅಷ್ಟು ಚೆನ್ನಾಗಿ ಕೂತಿತು.

ಗುಂಡಿಗೆ ಅವರವರ ಮುಷ್ಟಿಯಷ್ಟು ದೊಡ್ಡದು. ಎದೆಯ ನಡುವೆ, ತುಸು ಎಡಕ್ಕೆ ವಾಲಿಕೊಂಡಿರುತ್ತದೆ. ಮೇಲೆ ಎರಡು ಕೋಣೆ, ಕೆಳಗೆ ಎರಡು. ಎಡಕ್ಕೂ ಬಲಕ್ಕೂ ನಡುವೆ ಗೋಡೆ, ಅದಕ್ಕೆ ಬಾಗಿಲಿಲ್ಲ. ಮೈಯೆಲ್ಲ ತಿರುಗಿ ಸೋತ ರಕ್ತ ಬಲಗಡೆಯ ಮೇಲಿನ ಕೋಣೆಗೆ ಬಂದು, ಕೆಳಕ್ಕಿಳಿದು, ಪುಪ್ಪುಸಕ್ಕೆ ಹೋಗಿ ಗಾಳಿ ತೆಗೆದುಕೊಳ್ಳುತ್ತದೆ. ಅಲ್ಲಿಂದ ಎಡಗಡೆಯ ಮೇಲಿನ ಕೋಣೆಗೆ ಬಂದು ಕೆಳಕ್ಕಿಳಿಯುತ್ತದೆ. ಈ ಎಡಗಡೆಯ ಕೆಳಗಿನ ಕೋಣೆಯೇ ಇಡೀ ಮೈಗೆ ದೂಡಬೇಕಾದದ್ದು. ಅದಕ್ಕೆ ಅದರ ಗೋಡೆ ಎಲ್ಲಕ್ಕಿಂತ ದಪ್ಪ. ಬಾಗಿಲುಗಳೆಲ್ಲ ಒಂದೇ ಕಡೆ ತೆರೆಯುವಂಥವು. ಮೇಲಿನಿಂದ ಕೆಳಗಿಳಿಯುವ ಕಡೆ ಇರುವ ಕದಗಳು ಹಿಂದಕ್ಕೆ ಹೊರಳದ ಹಾಗೆ ಕೆಳಗಿನಿಂದ ಸಣ್ಣ ಸಣ್ಣ ದಾರಗಳು ಎಳೆದು ಹಿಡಿದಿರುತ್ತವೆ. ಕೀಲಿನ ಜ್ವರ ಬಂದು ಹೋಗುವಾಗ ಆ ಕದವನ್ನು ಕೆಡಿಸಿಹೋಗುತ್ತದೆ. ನೆಗೆಣ್ಣಿಯ ಎಡಗಡೆಯ ನಡುಬಾಗಿಲು ದಪ್ಪಗಾಗಿ ಅಂಟಿಕೊಂಡಿತ್ತು, ಪೂರಾ ತೆರೆಯುತ್ತಿರಲಿಲ್ಲ. ರಕ್ತ ಇಳಿಯದೆ ಹಿಂದಕ್ಕೆ ಪುಪ್ಪುಸದಲ್ಲಿ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಕಟ್ಟುವುದು ಅದಕ್ಕೆ.

ಅತ್ತೆ ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದಳು. “ನಾಕೂ ಖೋಲಿದಾಗ ರಗತಾನೇ ತುಂಬಿದ್ರ, ಶಿವ ಎಲ್ಲಿ ಕುಂದ್ರತಾನಂತ ಕೇಳು.”

ನಾನು ಕೇಳಿದೆ. ಬಾಯಿ ನಗಲಿಲ್ಲ. ನಳಿಗೆಯನ್ನು ಅತ್ತೆಯ ಕಿವಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಮೊದಲು ನನ್ನ ಎದೆಗೆ ಹಿಡಿದಳು, ಆಮೇಲೆ ನೆಗೆಣ್ಣಿಯ ಎದೆಗೆ. ನನ್ನದರಲ್ಲಿ ಬಾಗಿಲು ಮುಚ್ಚುವ ಎರಡು ಸದ್ದು ಬಿಟ್ಟರೆ ಏನೂ ಇರಲಿಲ್ಲವಂತೆ. ನೆಗೆಣ್ಣಿಯದನ್ನು ಕೇಳುತ್ತ ಅತ್ತೆ ಕಣ್ಣು ಮುಚ್ಚಿದಳು.

“ಬೀಸು ಕಲ್ಲು ತಿರಗಿದಂಗ ಆಗಾಕತ್ತದ ಒಳಗ,” ಎಂದಳು. “ಕುಂತಲ್ಲೇ ಬೀಸಾಕತ್ತಾಳಲ್ಲ ಇಕಿ.”

ಬಾಯಿ ಹೇಳಿದ ಪಥ್ಯ ಇದು: ಬೀಸಬಾರದು, ಕೊಡ ಹೊರಬಾರದು, ಉಪ್ಪು ಕಡಿಮೆ, ಬಸಿರಾಗಬಾರದು, ಹಸಿದಿರಬಾರದು. ಕೊನೆಯದಕ್ಕೆ ಅತ್ತೆಗೆ ಸಿಟ್ಟು ಬಂತು. ಬಸಿರಿನ ಮಾತಿಗೆ ಬರಲಿಲ್ಲ, ಊಟದ ಮಾತಿಗೆ ಬಂತು. ನಮ್ಮ ಮನೆಯಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ಆಳುಗಳ ಬುತ್ತಿ ಹೊಲಕ್ಕೆ ಹೋಗಿ, ತಾನು ಉಂಡು, ಹಿರಿ ಸೊಸೆ ಉಂಡ ಮೇಲೆ ಕಿರಿ ಸೊಸೆ ಉಣ್ಣುವುದು. ನೀಡುವವಳು ಮೊದಲು ತಿಂದರೆ ಅದು ಮನೆಯಲ್ಲ ಎಂದಳು. ಅದನ್ನೂ ನಾನು ಉರ್ದುವಿನಲ್ಲಿ ಹೇಳಿದೆ.

ಬಾಯಿ ಮತ್ತೆ ಚಿತ್ರದ ಮೇಲೆ ಬೆರಳಿಟ್ಟಳು. ದಪ್ಪ ಗೋಡೆಯ ಕೋಣೆಯಿಂದ ದೊಡ್ಡ ನಾಳ ಹೊರಡುವ ಹೊಸ್ತಿಲಲ್ಲೇ ಎರಡು ಸಣ್ಣ ನಾಳಗಳು ಒಡೆದು, ಹಿಂದಿರುಗಿ ಗುಂಡಿಗೆಯನ್ನೇ ಸುತ್ತಿಕೊಂಡಿದ್ದವು. ತಲೆಗೆ, ಕೈಗೆ, ಕಾಲಿಗೆ ಕೊಡುವ ಮೊದಲು ಗುಂಡಿಗೆ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಅದನ್ನೂ ಬಿಗಿದುಕೊಂಡಾಗ ಅಲ್ಲ, ಸಡಿಲಾದಾಗ. ಒಂದೊಂದು ಬಡಿತಕ್ಕೂ ಸಡಿಲಾಗಿ, ತುಂಬಿಕೊಂಡು, ತಾನು ಉಂಡು, ಆಮೇಲೆ ದೂಡುತ್ತದೆ. ಇವಳಿಗೆ ಬಾಗಿಲು ಸಣ್ಣದು, ತುಂಬಿಕೊಳ್ಳಲು ಹೊತ್ತು ಬೇಕು. ಬೀಸುವಾಗ ಬಡಿತ ಜೋರಾಗಿ ಆ ಹೊತ್ತೇ ಸಿಗುವುದಿಲ್ಲ. ಬಾಯಿ ಇಷ್ಟನ್ನು ಹೇಳಿ ಮುಂದಿನವರನ್ನು ಕರೆದಳು.

ಮರುದಿನ ಊರಿಗೆ ಮರಳುವ ಬಂಡಿಯಲ್ಲಿ ಅತ್ತೆ ಹೊದ್ದುಕೊಂಡು ಕುಳಿತಿದ್ದಳು. ನೆಗೆಣ್ಣಿ ಅವಳ ಮುಖ ನೋಡುತ್ತಿದ್ದಳು, ತೀರ್ಪು ಅಲ್ಲಿಂದಲೇ ಬರಬೇಕಲ್ಲ. ಬಿಸಿಲೇರಿದ ಮೇಲೆ ಒಂದು ಬಾವಿಯ ಹತ್ತಿರ ಎತ್ತು ಬಿಟ್ಟೆವು. ಯಾರದೋ ತೋಟ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದರು. ಎತ್ತು ಹೊಡೆಯುವವನಿಗೆ ಅವಸರ. ಚರ್ಮದ ಚೀಲ ನೀರಲ್ಲಿ ಪೂರಾ ಮುಳುಗುವ ಮೊದಲೇ ಎತ್ತುಗಳನ್ನು ಇಳಿಜಾರಿಗೆ ಓಡಿಸುತ್ತಿದ್ದ. ಚೀಲ ಮೇಲೆ ಬಂದಾಗ ಅರ್ಧ ಖಾಲಿ. ಅತ್ತೆ ಅದನ್ನೇ ನೋಡುತ್ತ ಕುಳಿತಳು.

ನಾನು ಬುತ್ತಿ ಬಿಚ್ಚಿದೆ. ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ನೆಗೆಣ್ಣಿ ರೂಢಿಯಂತೆ ನೀಡಲು ಎದ್ದಳು.

“ಕುಂದ್ರು,” ಎಂದಳು ಅತ್ತೆ. “ಮೊದಲ ನೀ ತಿನ್ನು.”

“ಅತ್ತಿ, ನೀವು ಇನ್ನಾ ಉಂಡಿಲ್ಲರಿ.”

“ಉಣ್ತೀನಿ. ನಾ ಏನ ಓಡಿ ಹೋಗ್ತೀನೇನು. ಆ ಚಿತ್ರ ನೋಡಬಾರದಿತ್ತು, ನೋಡಿಬಿಟ್ಟೀನಿ. ಇನ್ನ ನೋಡಿಲ್ಲಂತ ಹ್ಯಾಂಗ ಅನ್ನಲಿ. ತಿನ್ನು.”

ನೆಗೆಣ್ಣಿ ತಿಂದಳು. ನಾವಿಬ್ಬರು ನೋಡುತ್ತ ಕುಳಿತೆವು.

ಮನೆಯಲ್ಲಿ ಮಾವನಿಗೆ ಅತ್ತೆ ಕಪಿಲೆಯ ಲೆಕ್ಕದಲ್ಲೇ ತಿಳಿಸಿದಳು. ಚೀಲ ತುಂಬುವ ತನಕ ತಡೆಯಬೇಕು ಎಂಬುದು ಅವನಿಗೆ ಯಾರೂ ಕಲಿಸಬೇಕಾದ ಮಾತಲ್ಲ. ತವರಿಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು. ಅತ್ತೆಯ ಅಣ್ಣನ ಮಗಳನ್ನು ಬೇರೆ ಕಡೆ ಕೊಟ್ಟರು. ಮೈದುನನನ್ನು ಯಾರೂ ಕೇಳಲಿಲ್ಲ. ಅವನ ಹಾಸಿಗೆ ಪಡಸಾಲೆಗೆ ಬಂತು. ಅಂದಿನಿಂದ ಒಲೆಯ ಮುಂದೆ, ಆಕಳ ಪಾಲು ತೆಗೆದ ಮೇಲೆ, ಹಂಚಿನಿಂದ ಇಳಿದ ಮೊದಲ ರೊಟ್ಟಿ ನೆಗೆಣ್ಣಿಗೆ. ಬಂದುಹೋಗುವ ಹೆಂಗಸರು ಇದನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅತ್ತೆ ಅವರಿಗೆ ಕಾರಣ ಹೇಳುವ ಗೋಜಿಗೆ ಹೋಗಲಿಲ್ಲ.

ಅವಳ ಪಾಲಿನ ಜೋಳ ಮಾತ್ರ ನನ್ನ ಪಾಲಿಗೆ ಬಂತು. ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಇಬ್ಬರ ಕಲ್ಲನ್ನು ಒಬ್ಬಳೇ ಎಳೆದೆ. ಕೆಲವು ಬೆಳಗು ಅವಳು ಬಿಸಿ ರೊಟ್ಟಿ ಮುರಿಯುವ ಸದ್ದು ಕೇಳಿ ನನಗೆ ಮೈ ಉರಿಯುತ್ತಿತ್ತು. ದಪ್ಪ ಗೋಡೆಯ ಕೋಣೆ ಯಾಕೆ ದಪ್ಪ ಎಂಬುದು ನನ್ನ ರಟ್ಟೆಗೆ ಅರ್ಥವಾಯಿತು. ಅವಳು ಸುಮ್ಮನೆ ಕೂರುತ್ತಿರಲಿಲ್ಲ. ಕಾಳು ಆರಿಸುತ್ತಿದ್ದಳು, ನನ್ನ ಮಕ್ಕಳ ತಲೆ ಬಾಚುತ್ತಿದ್ದಳು. ಆಮೇಲೆ ಹುಟ್ಟಿದ ನನ್ನ ಮೂರನೆಯ ಮಗ ಅವಳನ್ನೇ ಅವ್ವ ಅನ್ನುತ್ತಿದ್ದ. ನಾನು ತಿದ್ದಲಿಲ್ಲ, ಪುರುಸೊತ್ತೂ ಇರಲಿಲ್ಲ.

ಡಾಕ್ಟರ್ ಬಾಯಿ ಅಂದುಕೊಂಡಿದ್ದಕ್ಕಿಂತ ಹೆಚ್ಚು ವರ್ಷ ಅವಳು ಬದುಕಿದಳು. ಆ ಮಗ ಕಪಿಲೆ ಹೊಡೆಯುವಷ್ಟು ದೊಡ್ಡವನಾಗುವ ತನಕ. ಒಂದು ಬೆಳಿಗ್ಗೆ ರೊಟ್ಟಿ ತಿಂದು, ನೀರು ಕುಡಿದು, ಜೋಳದ ಚೀಲಕ್ಕೆ ಒರಗಿದಳು. ನಾನು ಕಲ್ಲು ನಿಲ್ಲಿಸಿ ನೋಡುವಷ್ಟರಲ್ಲಿ ಮುಗಿದಿತ್ತು. ಎಡಗೈ ಕರಡಿಗೆಯ ಮೇಲೆ ಇತ್ತು.

ಮಣ್ಣು ಕೊಟ್ಟು, ದಿನಕರ್ಮ ಮುಗಿದು, ಮನೆ ಮತ್ತೆ ತನ್ನ ಹಾದಿಗೆ ಬಿದ್ದ ಮೇಲೆ ಒಂದು ದಿನ ಅತ್ತೆ ಒಲೆಯ ಮುಂದೆ ಕುಳಿತಿದ್ದಳು. ಆಗ ಅವಳಿಗೂ ವಯಸ್ಸಾಗಿತ್ತು. ಕೈ ರೂಢಿಯಲ್ಲಿ ಮೊದಲ ರೊಟ್ಟಿಯನ್ನು ಬೇರೆ ತೆಗೆದಿಟ್ಟಿತು. ತೆಗೆದಿಟ್ಟು ಅದನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

“ನನ್ನ ಗುಂಡಿಗಿ ಗಟ್ಟಿ ಅದರಿ,” ಎಂದೆ. “ನೀವೇ ಕೇಳೀರಲ್ಲ.”

“ಕೇಳೀನಿ. ಗಟ್ಟಿ ಇದ್ದದ್ದೂ ಉಣ್ಣಬೇಕಾಗ್ತದ.”

ತಿಂದೆ. ಲಗ್ನವಾಗಿ ಆ ಮನೆಗೆ ಬಂದಾಗಿನಿಂದ ನಾನು ತಿಂದದ್ದೆಲ್ಲ ಆರಿದ ರೊಟ್ಟಿ. ಹಂಚಿನಿಂದ ಇಳಿದದ್ದು ಇಷ್ಟು ಸುಡುತ್ತದೆ ಎಂಬುದನ್ನು ಮರೆತಿದ್ದೆ. ಬೆರಳು ಸುಟ್ಟಿತು, ನಾಲಿಗೆ ಸುಟ್ಟಿತು. ಅತ್ತೆ ಎರಡನೆಯದನ್ನು ತಟ್ಟುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ತಿಂದು ಕೈ ತೊಳೆದು ಎದ್ದೆ. ಕಲ್ಲಿನ ಪಕ್ಕ ಬುಟ್ಟಿಯ ತುಂಬ ಜೋಳ ಹಾಗೇ ಇತ್ತು. ಕುಳಿತು ಬೀಸತೊಡಗಿದೆ.