ಶಾಲ್ಮಲೆಗೆ ಹಾಕಿದ ತಪ್ಪು ಗುರುತು

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನದಿಯ ಪಾಠ ಒಪ್ಪಿಸಿಯೇನು: ಗುಡ್ಡದಲ್ಲಿ ಹುಟ್ಟುತ್ತದೆ, ಹುಟ್ಟಿದ ಕೂಡಲೇ ಧುಮುಕಿ ಕಮರಿ ಕೊರೆಯುತ್ತದೆ, ಆಮೇಲೆ ಬಯಲಿಗೆ ಬಂದು ನಿಧಾನವಾಗುತ್ತದೆ, ಕೊನೆಗೆ ಸಮುದ್ರ ಸೇರುತ್ತದೆ. ಒಮ್ಮೆ ಪರೀಕ್ಷೆಯಲ್ಲಿ ಇದರ ಚಿತ್ರ ಕೇಳಿದ್ದೆ. ಒಬ್ಬ ಹುಡುಗಿ ಮೊದಲು ಸಪಾಟು ಹೊಲ ಬರೆದು, ನಟ್ಟನಡುವೆ ಜಲಪಾತ ಬರೆದಿದ್ದಳು. ಸೊನ್ನೆ ಕೊಟ್ಟೆ.

"ನಮ್ಮ ಶಾಲ್ಮಲಾ ಹೊಳಿ ಹಿಂಗ ಅದರಿ ಮೇಡಂ. ಯಲ್ಲಾಪುರದ ಮಾವನ ಮನಿಗೆ ಹೋದಾಗ ನೋಡೇನ್ರಿ," ಅಂದಳು.

"ನೀ ನೋಡಿದ್ದನ್ನ ಯಾರ್ ಕೇಳ್ಯಾರವಾ? ಪಾಠದಾಗ ಇದ್ದದ್ದು ಬರಿ," ಅಂದೆ. ಇಡೀ ಕ್ಲಾಸು ನಕ್ಕಿತು. ಅವಳು ಮುಖ ಕೆಂಪಗೆ ಮಾಡಿಕೊಂಡು ಉತ್ತರಪತ್ರಿಕೆ ಮಡಚಿದಳು.

ನಿವೃತ್ತಿಯಾದ ಮೇಲೆ ಆ ಮುಖ ನನ್ನನ್ನು ಬಿಡಲಿಲ್ಲ. ಅವಳು ಹೇಳಿದ್ದೇ ಖರೆ ಇದ್ದರೆ? ನಮ್ಮೂರ ನದಿ ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ನೋಡದೆ ಮೂವತ್ತು ವರ್ಷ ಪಾಠ ಮಾಡಿದೆನಲ್ಲ, ಛೀ! ಮಳೆ ನಿಂತ ಕೂಡಲೇ ತಂಗಿಯನ್ನೂ ಅವಳ ಕಾರನ್ನೂ ಹೊರಡಿಸಿದೆ.

ನಮ್ಮೂರ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಯನ್ನು ದಾಟಲು ಸೀರೆ ಎತ್ತಿ ಹಿಡಿಯುವ ಅಗತ್ಯವೂ ಇರಲಿಲ್ಲ. "ಇದಕ್ಕ ನದಿ ಅಂತಾರೇನ ಅಕ್ಕಾ?" ಎಂದು ತಂಗಿ ಛೇಡಿಸಿದಳು. ಕಲಘಟಗಿಯ ಕಡೆಗೂ ಅದಕ್ಕೆ ಅವಸರವಿಲ್ಲ. ಹೊಲಗಳ ಬದಿಯಲ್ಲಿ ಮಣ್ಣು ಕಲಸಿಕೊಂಡು ಹೊರಟಿತ್ತು. ಮುಂದೆ ಬೇಡ್ತಿ ಎನಿಸಿಕೊಂಡು ಕಾಡು ಹೊಕ್ಕಿತು. ಯಲ್ಲಾಪುರದ ಹತ್ತಿರದ ಮಾಗೋಡಿಗೆ ಬಂದು ನೋಡುತ್ತೇನೆ, ಅಬ್ಬಬ್ಬಾ, ಕಾಲ ಮುಂದೆ ನೆಲವೇ ಇಲ್ಲ! ನೀರು ಬಂಡೆಯಿಂದ ಬಂಡೆಗೆ ಬಿದ್ದು ಕಣಿವೆ ಕೊರೆದಿತ್ತು. ಆಗ ತಲೆಗೆ ಹೊಳೆಯಿತು: ನಮ್ಮ ಬಯಲೆಂದರೆ ಮನೆಯ ಸಪಾಟು ಮಾಳಿಗೆ ಇದ್ದ ಹಾಗೆ. ನೀರು ಅದರ ಮೇಲೆ ಆರಾಮಾಗಿ ನಡೆದು, ಘಟ್ಟದ ಅಂಚಿಗೆ ಬಂದಾಗ ಬೀಳುತ್ತದೆ.

ಘಟ್ಟದ ಕೆಳಗೆ ಅದೇ ನೀರಿಗೆ ಗಂಗಾವಳಿ ಎಂದು ಹೆಸರು. ಸಮುದ್ರ ಸೇರುವಲ್ಲಿ ಅಗಲವಾಗಿ, ಮರಳಿನ ದಿಬ್ಬ ಒಟ್ಟಿಕೊಂಡು ನಿಂತಿತ್ತು. ಉಬ್ಬರದ ಹೊತ್ತು, ನೀರು ಹಿಂದಕ್ಕೇ ಹರಿಯುತ್ತಿತ್ತು. ತಂಗಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. ನಾನೂ ಹಾಕಿಕೊಂಡೆ. ಖರೇ ಉಪ್ಪು!

ಹಳೆಯ ವಿದ್ಯಾರ್ಥಿನಿಯರನ್ನು ವಿಚಾರಿಸಿದಾಗ, ಆ ಹುಡುಗಿ ಈಗ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಭೂಗೋಳವನ್ನೇ ಕಲಿಸುತ್ತಾಳೆಂದು ತಿಳಿಯಿತು. ಅವಳ ಮನೆಗೆ ಹೋದೆ.

"ನಿನ್ನ ಚಿತ್ರ ಬರೋಬ್ಬರಿ ಇತ್ತವಾ. ತಪ್ಪು ನಂದು."

"ಅಯ್ಯ, ನಂಗ ಆಗ ಗೊತ್ತಿತ್ರಿ ಮೇಡಂ," ಎಂದು ನಕ್ಕು ಚಹಾ ತಂದಳು.

"ಈಗ ನೀ ಮಕ್ಕಳಿಗೆ ಹೆಂಗ ಕಲಸ್ತಿ?"

"ನೀವು ಕಲಿಸಿದಂಗ ರೀ. ಮೊನ್ನೆ ಒಬ್ಬಾಕಿ ನಡುವ ಜಲಪಾತ ಬರದಿದ್ಳು. ಹಂಗ ಬರದ್ರ ಬೋರ್ಡ್ ಪರೀಕ್ಷಾದಾಗ ಯಾರ್ ಮಾರ್ಕ್ಸ್ ಕೊಡ್ತಾರ್ರಿ? ಸೊನ್ನಿ ಹಾಕಿದೆ."

ನನಗೆ ಅಳು ತಡೆಯಲಾಗಲಿಲ್ಲ. ಚಹಾ ಬದಿಗಿಟ್ಟು, ನನ್ನ ಮಗಳ ವಯಸ್ಸಿನ ಅವಳಿಗೆ ಕೈ ಮುಗಿದೆ.

"ನಾಳೆನ ಆಕಿಗೆ ಮಾರ್ಕ್ಸ್ ಕೊಡವಾ. ನನ್ನಂಗ ಮುದುಕಿ ಆಗೂತನಾ ಕಾಯಬ್ಯಾಡ."