ಈಸೂ ಕಾಕಾ ತೆಗಿಸಿಕೊಂಡ ಎರಡು ಫೋಟೋ

ಕಾಕಾ ಹೊಳಿಯಿಂದ ಹೊರಗ ಬರೂವಾಗ ಮೊದಲ ಅವನ ಮೀಸಿ ಬರ್ತಿತ್ತು, ಆಮ್ಯಾಲ ಕಾಕಾ ಬರ್ತಿದ್ದ. ಸುಳ್ಳಲ್ಲರಿ. ನಮ್ಮ ತಂಗಡಗಿ ಊರ ದಂಡಿ ಮ್ಯಾಲ ನಿಂತು ನೋಡಿದ್ರ ಕೆಂಪ ನೀರಾಗ ಎರಡು ಕರೀ ತುದಿ ಕಾಣ್ತಿದ್ದವು, ಎಮ್ಮಿ ಕೋಡು ತೇಲಿ ಬಂದಂಗ. ಒಮ್ಮೆ ಒಬ್ಬ ಮುತ್ಯಾ ತನ್ನ ಎಮ್ಮೀನ ಹೊಳ್ಯಾಗ ಹೊಂಟೈತಿ ಅಂತ ತಿಳದು ಹಗ್ಗಾ ಒಗದನಂತ. ಕಾಕಾ ಆ ಹಗ್ಗಾ ಹಿಡಕೊಂಡ ದಂಡಿಗೆ ಬಂದು, "ಮುತ್ಯಾ, ಹಿಂಡಿ ಏನರ ಇಟ್ಟೀಯೇನು?" ಅಂತ ಕೇಳಿದನಂತ. ಇದನ್ನ ನಾ ಕಣ್ಣಾರೆ ಕಂಡಿಲ್ಲ. ಆದ್ರ ಸಾಲ್ಯಾಗ ಹೇಳೂವಾಗ ಹಗ್ಗದ ಇನ್ನೊಂದು ತುದಿ ನಾನ ಹಿಡದಿದ್ದೆ ಅಂತ ಹೇಳ್ತೇನಿ.

ಅವ ನಮಗ ಬಳಗ ಅಲ್ಲ, ಬಾಜೂ ಮನ್ಯಾವ. ಊರಾಗ ಎಲ್ಲಾರೂ ಈಸೂ ಕಾಕಾ ಅಂತಿದ್ರು. ಅವನಕಿಂತ ಹಿರ್ಯಾರೂ ಕಾಕಾ ಅಂತಿದ್ರು. ಮನ್ಯಾಗ ಅವ, ಅವನ ಮುದುಕಿ ತಾಯಿ, ಇಬ್ಬರ. ಆಕೀನ್ನ ನಾವು ಆಯಿ ಅಂತಿದ್ವಿ. ಕಾಕಾ ಲಗ್ನ ಆಗಿರಲಿಲ್ಲ. ಯಾಕಂತ ಕೇಳಿದ್ರ, "ಹೊಳಿ ನನ್ನ ಬಿಟ್ಟಕೊಡವಲ್ದಪಾ, ಮನಿಗೊಬ್ಬಾಕೀನ ತಂದ್ರ ಇಬ್ಬರೂ ಜಡಿ ಹಿಡದು ಜಗಳಾಡ್ತಾರ" ಅಂತಿದ್ದ.

ಕೃಷ್ಣಾ ಹೊಳಿ ತುಂಬಿ ಬಂದಾಗ ಹರಗೋಲು ನಿಂತಬಿಡ್ತಿತ್ತು. ಆಗ ಆಚಿ ದಂಡಿಗೆ ಏನರ ಹೋಗಬೇಕಂದ್ರ ಕಾಕಾನ ಹೋಗಬೇಕು. ಒಣಗಿದ ಕುಂಬಳ ಬುರುಡಿ ಎದಿಗೆ ಕಟ್ಟಕೊಂಡು, ತಲಿ ಮ್ಯಾಲ ಗಂಟು ಇಟ್ಟಕೊಂಡು ನೀರಿಗೆ ಬೀಳ್ತಿದ್ದ. ಔಷಧ ಒಯ್ದಾನ, ತಾಳಿ ಒಯ್ದಾನ. ಒಮ್ಮೆ ಸೂಲಗಿತ್ತೀನ್ನ ಬೆನ್ನ ಮ್ಯಾಲ ಕುಂಡ್ರಿಸಿಕೊಂಡು ಒಯ್ದಾನ. ಆಕಿ ನಡು ಹೊಳ್ಯಾಗ ಎಲಿ ಅಡಕಿ ಹಾಕ್ಕೊಂಡು ಅವನ ಕಿವ್ಯಾಗ ಉಗುಳಿದಳಂತ. ಹೊಳಿ ದಾಟಿಸಿದ್ದಕ್ಕ ಕಾಕಾ ಬೈದಿಲ್ಲ, ಕಿವ್ಯಾಗ ಉಗುಳಿದ್ದಕ್ಕ ಬೈದಾನ.

ನಮಗೆಲ್ಲಾ ಈಸು ಕಲಿಸಿದವನೂ ಅವನ. ಬೆನ್ನಿಗೊಂದು ಬುರುಡಿ ಕಟ್ಟೋದು, ಕುಂಡಿಗೊಂದು ಒದಿಯೋದು, ಆತು ಪಾಠ. ನಾ ನೀರಾಗ ಕೈಕಾಲು ಬಡದು ಇಡೀ ಹೊಳೀನ ದಂಡಿಗೆ ಒಗಿಯೂವಾಗ ಮ್ಯಾಲ ನಿಂತು ಒದರ್ತಿದ್ದ: "ನೀರಿನ ಜೋಡಿ ಕುಸ್ತಿ ಹಿಡೀಬ್ಯಾಡಲೇ! ಅದಕ್ಕೂ ಬಗಲಾಗ ಸ್ವಲ್ಪ ಜಾಗಾ ಕೊಡು!" ನಾ ಜಾಗಾ ಕೊಟ್ಟೆ. ಅದು ಮೂಗಿನ್ಯಾಗ ಹೊಕ್ಕತು. ಆದ್ರ ಮೂರು ದಿನದಾಗ ನಾ ಮೀನಿಗೆ ಕಲಿಸೂವಷ್ಟು ಕಲತೆ. (ಅವ್ವ ಮೂರು ತಿಂಗಳಂತಾಳ. ಆಕಿಗೆ ಲೆಕ್ಕಾ ಬರಂಗಿಲ್ಲ.)

ಕಾಕಾಂದು ಒಂದು ಚಟ ಇತ್ತು. ಒಬ್ಬನ ಈಸೂವಾಗ ನಡು ಹೊಳ್ಯಾಗ "ಹೋ" ಅಂತ ಒದರ್ತಿದ್ದ. ಒದರಿ, ಕೈ ನಿಂದರಿಸಿ, ಒಂದು ಗಳಿಗಿ ಕೇಳಿಸ್ಕೋತಿದ್ದ. ಆಮ್ಯಾಲ ಮುಂದ ಹೋಗ್ತಿದ್ದ. ನಾವು ಹುಡುಗೂರು ದಂಡಿ ಮ್ಯಾಲ ಅದನ್ನ ಅಣಗಸ್ತಿದ್ವಿ. ಯಾಕ ಒದರ್ತಾನಂತ ಒಂದಿನ ನಮ್ಮಪ್ಪ ಹೇಳಿದ. ಆಮ್ಯಾಲ ಯಾರೂ ಅಣಗಸಲಿಲ್ಲ.

ಹೊಳಿ ತುಂಬಿದಾಗ ಒಬ್ಬನ ಈಸಬಾರ್ದು ಅನ್ನೋದು ಈಸುಗಾರರ ಪದ್ಧತಿಯಂತ. ಜೋಡಿ ಹೋಗಬೇಕು. ಮುಂದಿನಾವ ಹಿಂದ ಹೊಳ್ಳಿ ನೋಡಬಾರ್ದು, ನೋಡಿದ್ರ ಸೆಳವು ಎಳಕೊಂಡ ಹೋಗ್ತೈತಿ. ಅದಕ್ಕ ಮುಂದಿನಾವ "ಹೋ" ಅನಬೇಕು, ಹಿಂದಿನಾವ "ಹೋ" ಅನಬೇಕು. ಕಾಕಾನ ಜೋಡಿ ಅವನ ತಮ್ಮ ಇದ್ದ. ಮೀಸಿ ಸೈತ ಬಂದಿರಲಿಲ್ಲ ಹುಡುಗಗ. ಒಂದು ಶ್ರಾವಣದಾಗ ಹರಗೋಲು ಮಗಚಿತು. ಅಣ್ಣ ತಮ್ಮ ಇಬ್ಬರೂ ಹಾರಿ, ಸಿಕ್ಕವರ್ನ ಎಳದೆಳದು ದಂಡಿಗೆ ಹಾಕಿದ್ರು. ಕಡೀ ಸಲ ಕಾಕಾ ಒಂದು ಕೂಸಿನ್ನ ಎತ್ತಿ ಹಿಡಕೊಂಡು ಮುಂದ ಬರಾಕತ್ತಿದ್ದ. "ಹೋ" ಅಂದ. ಹಿಂದ ಏನೂ ಇಲ್ಲ. ಮತ್ತ "ಹೋ" ಅಂದ. ಕೈಯಾಗ ಕೂಸು, ಹೊಳ್ಳೂವಂಗಿಲ್ಲ. ಕೂಸು ಉಳೀತು. ತಮ್ಮನ ಹೆಣಾ ಸೈತ ಸಿಗಲಿಲ್ಲ.

ಇದಾಗಿ ಇಪ್ಪತ್ತು ವರ್ಷ ಆಗಿತ್ತು, ನಾ ಹುಟ್ಟೂಕ್ಕಿಂತ ಮೊದಲಿನ ಮಾತು. ಆಯಿ ಮಾತ್ರ ಸಣ್ಣ ಮಗ ಸತ್ತಾನ ಅಂತ ಒಪ್ಪಿರಲಿಲ್ಲ. ಯಾರರ ಹೇಳಾಕ ಹೋದ್ರ, "ಹೆಣಾ ತೋರಸ್ರಿ, ಆಮ್ಯಾಲ ಅಳತೇನಿ" ಅಂತಿದ್ಲು.

ಹ್ವಾದ ವರ್ಷ ಮುದ್ದೇಬಿಹಾಳದ ಹುಡುಗೂರ ಸಂಘದಿಂದ ಇಬ್ಬರು ಸೈಕಲ್ ಮ್ಯಾಲ ಬಂದ್ರು. ಇಬ್ಬರದೂ ಬೆಲ್ ಬಾಟಂ. ಆದ್ರ ನನ್ನ ಪ್ಯಾಂಟಿನಷ್ಟು ಅಗಲ ಇರಲಿಲ್ಲ, ನನ್ನದ್ರಾಗ ಒಂದು ಕೋಳಿ ಸಂಸಾರ ಇರಬಹುದು. ಅವರು ಹೇಳಿದ್ದು ಏನಂದ್ರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ತಾಲೂಕಿನ ಹಿರೇ ಈಸುಗಾರರಿಗೆ ಸನ್ಮಾನ ಮಾಡವರದಾರ. ಭೀಮಾ ಹೊಳಿಯವರು, ಕೃಷ್ಣಾ ಹೊಳಿಯವರು ಎಲ್ಲಾ ಬರ್ತಾರ. ಶಾಲು, ತೆಂಗಿನಕಾಯಿ, ಊಟ. ಮತ್ತ ಎಲ್ಲಾರ ಫೋಟೋ ಸಭಾ ಮಾಡೂ ಹಾಲ್‌ದ ಗ್ವಾಡಿಗೆ ಕಾಯಂ ಹಾಕ್ತಾರ.

"ನಿಮ್ಮದೊಂದು ಫೋಟೋ ಬೇಕ್ರಿ ಕಾಕಾ."

"ನನ್ನ ತಮ್ಮಂದು?"

ಅವರು ಒಬ್ಬರ ಮಾರಿ ಒಬ್ಬರು ನೋಡಿದ್ರು. "ಫೋಟೋ ಇದ್ರ ಕೊಡ್ರಿ, ಹಾಕೂಣು. ಇಲ್ಲಂದ್ರ ಬರೇ ಹೆಸರು ತೂಗಹಾಕಾಕ ಬರಂಗಿಲ್ಲಲ್ರಿ."

"ಐತಿ," ಅಂದ ಕಾಕಾ.

ಇರಲಿಲ್ಲ. ಅವರ ಮನ್ಯಾಗ ಇದ್ದ ಫೋಟೋ ಅಂದ್ರ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ದೇವರು ಒಂದ. ಅವರು ಹೋದ ಮ್ಯಾಲ ನಾ ಕೇಳಿದೆ, "ಕಾಕಾ, ಎಲ್ಲಿಂದ ತರಾವ?"

ಅವ ಸಣ್ಣ ದನಿಲೆ ಅಂದ, "ಯವ್ವ ಅವನ ಮಾರಿ ಮರಿಯಾಕತ್ತಾಳಲೇ. ಮೊನ್ನಿ ನನ್ನ ಕೇಳಿದ್ಲು, 'ಸಣ್ಣಾವನ ಮೂಗು ಹೆಂಗಿತ್ತೋ' ಅಂತ. ಆಕಿ ಕಣ್ಣು ಇರೂದ್ರಾಗ ಒಮ್ಮೆ ಗ್ವಾಡಿ ಮ್ಯಾಲ ಅವನ್ನ ನೋಡ್ಲಿ. ಅಷ್ಟಾದ್ರ ಸಾಕು."

ಮರುದಿನ ನಾಲತವಾಡಕ್ಕ ಹೋದ್ವಿ. ನಾ ಯಾಕ ಹೋದೆ ಅಂದ್ರ, ಫೋಟೋ ಅಂಗಡ್ಯಾಗ ಕನ್ನಡಿ ಇರ್ತೈತಿ. ಮೊದಲ ಕಾಕಾಂದು ಫೋಟೋ ಆತು. ಪಟಕಾ ಸುತ್ತಿ, ಮೀಸಿಗೆ ಎಣ್ಣಿ ತಿಕ್ಕಿ, ಕುರ್ಚಿ ಮ್ಯಾಲ ಹಂಗ ಕುಂತಿದ್ದ ಅಂದ್ರ ಫೋಟೋದಾವ ಹೆದರಿ ಕ್ಯಾಮೆರಾದ ಕರೀ ಅರಬಿ ಒಳಗಿಂದ ತಲೀನ ಹೊರಗ ತಗೀಲಿಲ್ಲ. ಆಮ್ಯಾಲ ಕಾಕಾ ಎದ್ದು, "ಇಲ್ಲೇ ಇರು, ಇನ್ನೊಂದೈತಿ" ಅಂತ ಬಾಜೂದ ಕಟಿಂಗ್ ಅಂಗಡಿಗೆ ಹ್ವಾದ. ಹೋಗಿ ಮೀಸಿ ತಗಿ ಅಂದ.

ಕಟಿಂಗ್ ಅಂಗಡ್ಯಾವ ಕತ್ತಿ ಕೆಳಗಿಟ್ಟ. ಯಾಕಂದ್ರ ನಮ್ಮ ಕಡಿ ಹಡದವರು ತೀರಿಕೊಂಡಾಗಷ್ಟ ಮೀಸಿ ತಗಿಯೋದು.

"ಆಯಿ ಗಟ್ಟಿ ಅದಾಳಲ್ಲೋ ಮಾರಾಯಾ! ಮೊನ್ನಿ ಸಂತ್ಯಾಗ ನನ್ನ ಜೋಡಿ ಜಗಳಾ ಮಾಡ್ಯಾಳ. ನಾ ಈ ಪಾಪ ಮಾಡಾಂವಲ್ಲ."

"ಪಾಪ ನನಗ ಇರ್ಲಿ, ಕೂದಲಾ ನಿನಗ ಇರ್ಲಿ. ಹಚ್ಚಲೇ ಕತ್ತಿ."

ಅವ ಕಣ್ಣು ಮುಚ್ಚಿ ಹಚ್ಚಿದ. ಕಣ್ಣು ಮುಚ್ಚಿದ್ದಕ್ಕ ಮ್ಯಾಲಿನ ತುಟಿ ಉಳದದ್ದ ದೊಡ್ಡದು. ಕೆಳಗ ಬಿದ್ದ ಮೀಸಿ ನೋಡಿದ್ರ ಎರಡು ಕರೀ ಬೆಕ್ಕು ಮಲಗಿದಂಗಿತ್ತು. ಹಣಿ ಮ್ಯಾಲಿನ ಬಿಳೀ ಕೂದಲಕ್ಕ ಕಾಡಿಗಿ ಹಚ್ಚಿಕೊಂಡು, ನನ್ನ ಅಂಗಿ ಬಿಚ್ಚಿಸಿ ತಾ ತೊಟ್ಟಕೊಂಡು, ಕಾಕಾ ಮತ್ತ ಕುರ್ಚಿ ಮ್ಯಾಲ ಬಂದು ಕುಂತ. ನಾ ಬರೀ ಬನಿಯನ್ ಮ್ಯಾಲ ನಿಂತೆ. ನಾಲತವಾಡದ ಅರ್ಧಾ ಊರು ನನ್ನ ತೋಳು ನೋಡಿ ಹೊಟ್ಟಿಕಿಚ್ಚು ಪಟ್ಟತು.

"ಇಪ್ಪತ್ತು ವರ್ಷ ಸಣ್ಣಾವ ಆಗಬೇಕು ನಾ," ಅಂದ ಕಾಕಾ.

"ನಾ ಫೋಟೋ ತಗ್ಯಾಂವ್ರಿ, ದೇವರಲ್ಲ," ಅಂದ ಫೋಟೋದಾವ. ಆದ್ರೂ, ನೆಗೆಟಿವ್ ಕಾಜಿನ ಮ್ಯಾಲ ಸಣ್ಣ ಪೆನ್ಸಿಲ್‌ಲೆ ತಿದ್ದಿ ಸುಕ್ಕು ಅಳಿಸ್ತೇನಂದ.

ಇಲ್ಲೀಮಟ ನನಗ ನಗಿ ಬರಾಕತ್ತಿತ್ತು. ಆಮ್ಯಾಲ ಕಾಕಾ ಕನ್ನಡ್ಯಾಗ ನೋಡಕೋತ ತುಟಿ ಒಂದ ಬಾಜೂಕ ಎಳದ. ಬಿಟ್ಟ. ಮತ್ತ ಎಳದ. "ಹಿಂಗಲ್ಲ," ಅಂದ. "ಅವ ನಗೂವಾಗ ಎಡಗಡಿ ಗಲ್ಲ ಮೊದಲ ಏಳ್ತಿತ್ತು." ಮತ್ತ ಮತ್ತ ಮಾಡಿ ನೋಡಿದ. ಒಂದು ಸಲ ಮಾಡಿದಾಗ ತಾನ ಬೆಚ್ಚಿಬಿದ್ದ. ಕನ್ನಡ್ಯಾಗ ಯಾರನ್ನೋ ಕಂಡಂಗ. "ಹಾಂ... ತಗಿ. ಲಗೂ ತಗಿ," ಅಂದ. ಕಣ್ಣಾಗ ನೀರು ತುಂಬಿ ನಿಂತಿತ್ತು, ಆದ್ರ ನಗಿ ಬಿಡಲಿಲ್ಲ.

ಮನಿಗೆ ಬಂದಾಗ ಆಯಿ ಕಟ್ಟಿ ಮ್ಯಾಲ ಕುಂತಿದ್ಲು. ಮಗನ ಮಾರಿ ನೋಡಿ ಎದ್ದು ನಿಂತ್ಲು.

"ಯಾರೋ ಸತ್ತಾರ?"

"ಯಾರೂ ಇಲ್ಲಬೇ ಯವ್ವಾ."

"ಹಂಗಾರ ನಾ ಸತ್ತೇನೇನೋ ಖೋಡಿ? ನನಗೊಬ್ಬರೂ ಹೇಳಿಲ್ಲಲ್ಲ!"

"ಕತ್ತಿ ಜಾರಿತಬೇ."

"ಎರಡೂ ಕಡಿಗೆ ಜಾರಿತೇನು?"

ಕಾಕಾ ಒಳಗ ಓಡಿಹ್ವಾದ. ತುಂಬಿದ ಹೊಳಿಗೆ ಹೆದರಲಾರದಾವ ಆಕಿಗೆ ಹೆದರ್ತಿದ್ದ. ಸಂಜೀಮಟ ಆಯಿ ಓಣಿಗೆಲ್ಲಾ ಕೇಳೂವಂಗ ತಾನಿನ್ನ ಜೀವಂತ ಅದೇನಿ ಅಂತ ಸಾರಿದ್ಲು.

ಸನ್ಮಾನದ ದಿನ ಮುದ್ದೇಬಿಹಾಳದ ಹಾಲ್ ಮಂದಿಯಿಂದ ತುಂಬಿ ತುಳುಕಾಕತ್ತಿತ್ತು. ಭೀಮಾ ಕಡಿಯವರು ಒಂದು ಬಾಜೂ, ಕೃಷ್ಣಾ ಕಡಿಯವರು ಒಂದು ಬಾಜೂ, ಬೀಗರು ಕುಂತಂಗ. ಇಂಡಿ ಕಡಿ ಒಬ್ಬ ಮುತ್ಯಾ ಕಾಕಾನ್ನ ನೋಡಿ, "ಏನೋ ತಂಗಡಗಿ, ನಿಮ್ಮ ಹೊಳಿ ಮೀಸೀನೂ ತೊಳಕೊಂಡ ಹೋಗ್ತೈತೇನು?" ಅಂದ. ಕಾಕಾ, "ನಿಮ್ಮ ಹೊಳ್ಯಾಗ ತೊಳ್ಯಾಕರ ನೀರು ಎಲ್ಲದಾವ ಮುತ್ಯಾ?" ಅಂದ. ನಾವು ಕೃಷ್ಣಾದವರು ಚಪ್ಪಾಳಿ ಹೊಡದ್ವಿ. ನಾ ಸೀಟಿ ಹೊಡದೆ, ಮುಂದಿನಾವನ ಟೊಪ್ಪಿಗಿ ಹಾರಿತು.

ಆಮ್ಯಾಲ ಗ್ವಾಡಿ ಮ್ಯಾಲಿನ ಪರದೆ ಎಳದ್ರು. ಎಲ್ಲಾ ಈಸುಗಾರರ ಫೋಟೋ ಸಾಲಾಗಿ ಇದ್ದವು. ಆದ್ರ ಹುಡುಗೂರು ಶೃಂಗಾರ ಮಾಡೂ ಭರಾಟ್ಯಾಗ ಪ್ರತಿ ಫೋಟೋಕ್ಕೂ ಒಂದೊಂದು ಚೆಂಡ ಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ಮುಂದ ಊದಿನಕಡ್ಡಿ ಹಚ್ಚಿಬಿಟ್ಟಿದ್ರು. ಆಮ್ಯಾಲ ಸಿಂದಗಿ ಕಡಿ ಒಬ್ಬಾಕಿ, "ಅಯ್ಯ ನನ್ನ ಗಂಡ ಇಲ್ಲೇ ಕುಂತಾನಲ್ರಿ!" ಅಂತ ಚೀರಿದ್ಲು. ಹೆಣ್ಮಕ್ಕಳ ಕಡಿ ಅಳೋದು ಸುರುವಾತು. ಹತ್ತು ಹನ್ನೆರಡು ಮಂದಿ ಜೀವಂತ ಮುದುಕರು ಕುರ್ಚಿ ಬಿಟ್ಟು ಎದ್ದು, ತಮ್ಮ ತಮ್ಮ ಹಾರ ತಾವ ಹರದು ಒಗಿಯಾಕತ್ತಿದ್ರು. ಇಂಡಿ ಮುತ್ಯಾ ಗಡಿಬಿಡ್ಯಾಗ ಮತ್ತೊಬ್ಬನ ಹಾರ ಹರದು, ತನ್ನ ಫೋಟೋ ಕೆಳಗ ನಿಂತು, "ಈಗ ಬದುಕಿದೆ" ಅಂದ.

ಆ ಗದ್ದಲದಾಗ ಆಯಿ ಎದ್ದಳು. ಕೋಲು ಊರಕೋತ ಗ್ವಾಡಿ ಮಟ ಹೋದ್ಲು. ದೊಡ್ಡ ಮಗನ ಫೋಟೋದ ಹಾರ ತಗದ್ಲು. ಬಾಜೂಕ ಮೀಸಿ ಇಲ್ಲದ ಆ ಎಳೀ ಮಾರಿ, ಎಡಗಡಿ ಗಲ್ಲ ಎತ್ತಿ ನಗೂದು. ಅದರ ಮುಂದ ಬಾಳ ಹೊತ್ತು ನಿಂತ್ಲು. ಕಾಕಾಗ ಶಾಲು ಹೊಚ್ಚಾಕತ್ತಿದ್ರು. ಅವಂಗ ಅದರ ಖಬರ ಇಲ್ಲ, ತಾಯಿ ಬೆನ್ನ ನೋಡಾಕತ್ತಿದ್ದ.

ಆಯಿ ಆ ಹಾರಾನೂ ತಗದ್ಲು.

"ಆಯಿ, ಅವರದು ಇರ್ಲಿ ಬಿಡ್ರಿ, ಅವರು ತೀರಿಕೊಂಡಾರಲ್ರಿ," ಅಂದ ಸಂಘದ ಹುಡುಗ.

"ಈ ಮಾರಿಗೆ ಹಾರ ಹಾಕಬ್ಯಾಡ್ರಿ," ಅಂದ್ಲು. ಆಮ್ಯಾಲ ಕಾಕಾನ ಕಡಿ ಹೊಳ್ಳಿ ಎಲ್ಲಾರಿಗೂ ಕೇಳೂವಂಗ, "ಹೌದೋ. ಇವನ ನನ್ನ ಸಣ್ಣಾವ. ಮೂಗು ಹಿಂಗ ಇತ್ತು," ಅಂದ್ಲು.

ಕಾಕಾ ಶಾಲಿನ್ಯಾಗ ಮಾರಿ ಮುಚ್ಚಿಕೊಂಡು ಸಣ್ಣ ಹುಡುಗನಂಗ ಅತ್ತ. ನಾಕು ತಾಲೂಕಿನವರು ಸನ್ಮಾನಕ್ಕ ಸಂತೋಷ ಆಗಿ ಅಳಾಕತ್ತಾನ ಅಂತ ತಿಳದು ಚಪ್ಪಾಳಿ ಹೊಡದ್ರು.

ಬನ್ನಿ ಹಬ್ಬ ಆದ ಮ್ಯಾಲ ಅವಂಗ ಕಾಮಣಿ ಆತು. ಕಣ್ಣು ಅರಿಷಿಣ, ಉಗುರು ಅರಿಷಿಣ. "ಮದಿಮಗ ಆಗೇನಿ ನೋಡಲೇ," ಅಂತ ನನಗ ತೋರಸ್ತಿದ್ದ. ನಾಟಿ ಔಷಧ ಆತು, ಬಿಜಾಪುರದ ದೊಡ್ಡ ದವಾಖಾನಿ ಆತು. ಅಷ್ಟು ದೊಡ್ಡ ಹೊಳಿ ಮುಳುಗಿಸಲಾರದ ಮನಷಾನ್ನ ಒಂದು ಮಲಗೂ ಹೊರಸು ಮುಳುಗಿಸ್ತು. ಕಡೀ ದಿನಾ ನಾ ಅವನ ಕಾಲು ಒತ್ತಾಕತ್ತಿದ್ದೆ. "ಯವ್ವಗ ಫೋಟೋದ್ದು ಗೊತ್ತಾಗಿಲ್ಲಲ್ಲಲೇ?" ಅಂತ ಕೇಳಿದ. "ಇಲ್ಲ ಕಾಕಾ, ಆಕಿಗೆ ಹೆಂಗ ಗೊತ್ತಾಗ್ತೈತಿ," ಅಂದೆ. "ಚಲೋ ಆತು," ಅಂದ. ನಸುಕಿನ್ಯಾಗ ಹ್ವಾದ. ಮಣ್ಣಿಗೆ ಎರಡೂ ದಂಡಿ ಮಂದಿ ಬಂದಿದ್ರು. ಆಚಿ ದಂಡಿಯವರ್ನ ಹರಗೋಲಿನ್ಯಾಗ ತಂದ್ರು. ಅವರು ಇಳಿದು ದಂಡ್ಯಾಗಿನ ನೀರು ಮುಟ್ಟಿ ಕಣ್ಣಿಗೆ ಹಚ್ಚಿಕೊಂಡ್ರು.

ನಾ ಈಗ ಜಗತ್ತಿನ್ಯಾಗ ಎಲ್ಲಿ ಬೇಕಾದ್ರೂ ಈಸ್ತೇನಿ ಅಂತ ಡೌಲು ಹೊಡೀತೇನಿ. ಹೊಡಿಯಾಕ ಬಿಡ್ರಿ, ಆ ಡೌಲೂ ಅವನ ಕೊಟ್ಟಿದ್ದು.

ಮೂರನೇ ದಿನಕ್ಕ ಎಡಿ ಹಿಡಿಯಾಕ, ಅಂದ್ರ ಸತ್ತವರ ಮುಂದ ಅಡಗಿ ಇಡಾಕ, ಫೋಟೋ ಬೇಕಾತು. ನಾನೂ ಅಪ್ಪನೂ ಮುದ್ದೇಬಿಹಾಳಕ್ಕ ಹೋಗಿ ಹಾಲ್‌ದ ಗ್ವಾಡಿಯಿಂದ ಎರಡೂ ಫೋಟೋ ಕೇಳಿ ತಂದ್ವಿ. ಅಪ್ಪ ಮೀಸಿ ಇದ್ದದ್ದನ್ನ ಮಣಿ ಮ್ಯಾಲ ಇಟ್ಟ.

"ಇನ್ನೊಂದೂ ಇಡು," ಅಂದ್ಲು ಆಯಿ.

ನನ್ನಿಂದ ಎಲ್ಲಾ ಕೇಳಿ ತಿಳದಿದ್ದ ನಮ್ಮವ್ವ ಆಕಿ ಕಿವ್ಯಾಗ ಅಂದ್ಲು, "ಆಯಿ, ಅದೂ ದೊಡ್ಡಾವಂದರಿ. ಇನ್ನ ನಿಮಗ ಹೇಳಲಾರದ ಹೆಂಗ ಇರೋದು."

"ಗೊತ್ತೈತೇಳವ್ವ. ನನ್ನ ಹೊಟ್ಟ್ಯಾಗ ಹುಟ್ಟಿದ ಮಾರಿ ನನಗ ಗುರ್ತ ಸಿಗಂಗಿಲ್ಲೇನು? ಅಲ್ಲಿ ಹಾರ ತಗದದ್ದು ಅದಕ್ಕ. ಜೀವಂತ ಕುಂತ ಮಗಗ ಎರಡೆರಡು ಹಾರ ಹಾಕಿದ್ರು, ಎಡವಟ್ಟಗೊಳು." ಸೆರಗಿನಲೆ ಫೋಟೋದ ಕಾಜು ಒರಸಿದ್ಲು. "ಆದ್ರ ಇದನ್ನ ಅವ ತಮ್ಮಗ ಕೊಟ್ಟಾನ. ಮೀಸಿ ಬೋಳಿಸಿ, ನನ್ನ ಕೈಲೆ ಬೈಸಿಕೊಂಡು ಕೊಟ್ಟಾನ. ಅವ ಕೊಟ್ಟದ್ದನ್ನ ನಾ ಹೆಂಗ ಹೊಳ್ಳಿ ಇಸ್ಕೊಳ್ಳಿ?"

ಹೆಣಾ ಸಿಗಲಾರದ ಮಗಗ ಆಕಿ ಅಲ್ಲೀಮಟ ಒಮ್ಮೆನೂ ಎಡಿ ಹಿಡದಿರಲಿಲ್ಲ. ಅವತ್ತ ಎರಡು ಗಂಗಾಳ ತರಿಸಿದ್ಲು. ಎರಡರಾಗೂ ಹೋಳಿಗಿ, ಅನ್ನ, ಬದನಿಕಾಯಿ ಪಲ್ಯ ಬಡಿಸಿದ್ಲು. ದೊಡ್ಡಾವನ ಗಂಗಾಳದಾಗ ಒಂದು ಹಸಿ ಮೆಣಸಿನಕಾಯಿ ಇಟ್ಟಳು. ಸಣ್ಣಾವನ ಗಂಗಾಳದಾಗ ಇನ್ನೊಂದು ಹೋಳಿಗಿ ಇಟ್ಟು, ಮ್ಯಾಲ ತುಪ್ಪ ಸುರುವಿ, "ಇಪ್ಪತ್ತು ವರ್ಷದ ಹಸಿವಿ, ಸಾವಕಾಶ ಉಣ್ಣು ನನ್ನಪ್ಪಾ," ಅಂದ್ಲು. ಆಮ್ಯಾಲ ಆಯಿ ಅತ್ಲು.